ಅತಿಥಿಗಳಿಗೊಂದು ಕುರ್ಚಿ

ಸೆಪ್ಟೆಂಬರ್ 5 ಬಂತೆಂದರೆ ನಮ್ಮ ನಾಡಿನಲ್ಲಿ ಶಿಕ್ಷಕರಿಗೆ ಎಲ್ಲಿಲ್ಲದ ಬೆಲೆ ಬಂದುಬಿಡುತ್ತದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಒಂದು ನೆನಪಿನ ಕಾಣಿಕೆ. ವೇದಿಕೆಯ ಮೇಲಿರುವವರು ಗುರುವನ್ನು ದೇವರಿಗೆ ಹೋಲಿಸುತ್ತಾರೆ, ರಾಷ್ಟ್ರದ ಶಿಲ್ಪಿ ಎನ್ನುತ್ತಾರೆ. ಮರುದಿನ ಅದೇ ಶಿಕ್ಷಕ ಮೂರು ತಿಂಗಳಿಂದ ಸಂಬಳ ಬಂದಿಲ್ಲ ಎಂದು ಕಚೇರಿಯ ಬಾಗಿಲಲ್ಲಿ ನಿಂತರೆ, 'ಬಜೆಟ್ ಬಂದಿಲ್ಲ, ಆಮೇಲೆ ಬನ್ನಿ' ಎಂಬ ಉತ್ತರ ಸಿಗುತ್ತದೆ. ಶಾಲು ಹೊದಿಸುವಾಗ ಯಾರೂ ಅರ್ಜಿ ಕೇಳುವುದಿಲ್ಲ. ಸಂಬಳ ಕೇಳಿದರೆ ಮಾತ್ರ ಅರ್ಜಿ, ಮನವಿ, ಮುಷ್ಕರ, ಲಾಠಿ ಎಲ್ಲವೂ ಬೇಕಾಗುತ್ತದೆ. ಯಾಕೆ ಹೀಗೆ?

ಈ ಪ್ರಶ್ನೆಯನ್ನು ನಾವು ಪುಸ್ತಕದಿಂದ ಎತ್ತಿಕೊಂಡದ್ದಲ್ಲ. ಹೆಬ್ಬಾಳ ಕೆಂಪಾಪುರದ ನಮ್ಮ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಇಬ್ಬರೂ ಪಾಠ ಹೇಳಿ ಬದುಕುವವರು. ಒಬ್ಬರು ಸರ್ಕಾರಿ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರು, ಇನ್ನೊಬ್ಬರು ಖಾಸಗಿ ಅನುದಾನರಹಿತ ಶಾಲೆಯೊಂದರಲ್ಲಿ ಟೀಚರ್. ಜೊತೆಗೆ ಅಬ್ಬಾ ಇದ್ದಾರೆ. ಚಿಂತಾಮಣಿಯ ಕಡೆ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮೇಷ್ಟರಾಗಿದ್ದು ನಿವೃತ್ತರಾದವರು. ಅಣ್ಣನೂ ಸರ್ಕಾರಿ ಶಾಲೆಯ ಶಿಕ್ಷಕನೇ, ಗೌರಿಬಿದನೂರಿನಲ್ಲಿ. ಒಂದೇ ಕುಟುಂಬ, ಒಂದೇ ಕಸುಬು. ಆದರೆ ತಿಂಗಳ ಮೊದಲ ವಾರ ನಮ್ಮೆಲ್ಲರಿಗೂ ಒಂದೇ ರೀತಿ ಬರುವುದಿಲ್ಲ.

ಒಂದೇ ಮನೆ, ನಾಲ್ಕು ಲೆಕ್ಕ

ಅಬ್ಬಾಗೆ ಪಿಂಚಣಿ ಬರುತ್ತದೆ. ತುಟ್ಟಿಭತ್ಯೆ ಏರಿದಾಗ ಅದೂ ಏರುತ್ತದೆ. ಕಾಯಿಲೆ ಬಿದ್ದರೆ ಮಕ್ಕಳ ಮುಂದೆ ಕೈಚಾಚಬೇಕಿಲ್ಲ ಎಂಬ ಧೈರ್ಯ ಅವರ ಮುಖದಲ್ಲಿದೆ. ಅಣ್ಣ ಕೆಲಸಕ್ಕೆ ಸೇರಿದ್ದು 2008ರಲ್ಲಿ. 2006ರ ಏಪ್ರಿಲ್ 1ರ ನಂತರ ಸೇರಿದ ರಾಜ್ಯ ಸರ್ಕಾರಿ ನೌಕರರಿಗೆ ಹಳೆಯ ಪಿಂಚಣಿ ಇಲ್ಲ, ಹೊಸ ಪಿಂಚಣಿ ಯೋಜನೆ. ಅವನ ಸಂಬಳದಿಂದ ಕಡಿತವಾದ ಹಣ ಷೇರುಪೇಟೆಯ ಏರಿಳಿತವನ್ನು ನೋಡುತ್ತಾ ಕೂತಿರುತ್ತದೆ. ಅಬ್ಬಾ ಮತ್ತು ಅಣ್ಣ ಬರೆದದ್ದು ಅದೇ ಕಪ್ಪು ಹಲಗೆ, ಹಾಕಿದ್ದು ಅದೇ ಹಾಜರಿ. ಆದರೂ ಮುಪ್ಪಿನ ಲೆಕ್ಕ ಬೇರೆ ಬೇರೆ. ಅಣ್ಣ ಒಮ್ಮೆ ನಗುತ್ತಲೇ ಹೇಳಿದ: "ಅಬ್ಬಾ, ನಿಮಗೆ ಸರ್ಕಾರ ಕೊನೆಯವರೆಗೂ ಜೊತೆಗಿದೆ. ನನ್ನನ್ನು ಅದು ಗೇಟಿನವರೆಗೆ ಬಿಟ್ಟುಬರುತ್ತದೆ ಅಷ್ಟೆ."

ನಮಗೆ ಆ ಗೇಟೂ ಇಲ್ಲ. 'ಅತಿಥಿ' ಎಂಬ ಶಬ್ದವನ್ನೇ ನೋಡಿ. ನಮ್ಮ ಕಡೆ ಅತಿಥಿ ಬಂದರೆ ಚಾಪೆ ಹಾಸಿ, ನೀರು ಕೊಟ್ಟು, ಊಟಕ್ಕೆ ಏಳಿಸುತ್ತೇವೆ. ಮೂರು ದಿನ ಇದ್ದು ಹೋಗುವವನು ಅತಿಥಿ. ಹತ್ತು ಹದಿನೈದು ವರ್ಷ ಪಾಠ ಹೇಳಿ, ಪರೀಕ್ಷೆ ನಡೆಸಿ, ನ್ಯಾಕ್ ಸಮಿತಿ ಬಂದಾಗ ರಾತ್ರಿಯೆಲ್ಲಾ ಕಡತ ಜೋಡಿಸಿದವನನ್ನೂ ಅತಿಥಿ ಎಂದು ಕರೆಯುವುದು ನಮ್ಮ ಉನ್ನತ ಶಿಕ್ಷಣ ಇಲಾಖೆಯಲ್ಲಿ ಮಾತ್ರ ಸಾಧ್ಯ. ಅವನಿಗೆ ಕೊಡುವ ಹಣದ ಹೆಸರು 'ಗೌರವಧನ'. ಅದರಲ್ಲಿ ಗೌರವವೂ ಇಲ್ಲ, ಧನವೂ ಇಲ್ಲ ಎಂಬುದು ನಮ್ಮ ಸಹೋದ್ಯೋಗಿಗಳ ನಡುವೆ ಹಳೆಯ ಮಾತು. ಆದರೆ ಆ ಹೆಸರಿನ ಹಿಂದೆ ಒಂದು ಲೆಕ್ಕಾಚಾರವಿದೆ. ಸಂಬಳವೆಂದರೆ ಅದು ಕೇಳುವವನ ಹಕ್ಕು. ಗೌರವಧನವೆಂದರೆ ಅದು ಕೊಡುವವನ ದೊಡ್ಡತನ.

2021ರವರೆಗೆ ಈ ಗೌರವಧನ ತಿಂಗಳಿಗೆ 11,000 ಅಥವಾ 13,000 ರೂಪಾಯಿ. ನೆಟ್, ಪಿಎಚ್‌ಡಿಯಂಥ ಅರ್ಹತೆ ಇದ್ದವರಿಗೆ ಎರಡು ಸಾವಿರ ಹೆಚ್ಚು. ವಿಶ್ವವಿದ್ಯಾಲಯ ಧನಸಹಾಯ ಆಯೋಗ 2019ರ ಜನವರಿಯಲ್ಲೇ ಅತಿಥಿ ಬೋಧಕರಿಗೆ ಒಂದು ತರಗತಿಗೆ 1,500 ರೂಪಾಯಿ, ತಿಂಗಳಿಗೆ ಗರಿಷ್ಠ 50,000 ರೂಪಾಯಿ ಎಂದು ಹೇಳಿತ್ತು. ಏಳನೇ ವೇತನ ಆಯೋಗದ ನಂತರದ ಯುಜಿಸಿ ಶ್ರೇಣಿಯಲ್ಲಿ ಹೊಸದಾಗಿ ಸೇರುವ ಸಹಾಯಕ ಪ್ರಾಧ್ಯಾಪಕರ ಮೂಲವೇತನವೇ 57,700. ಒಂದೇ ಸ್ಟಾಫ್ ರೂಮಿನಲ್ಲಿ, ಒಂದೇ ಮೇಜಿನ ಎರಡು ಬದಿಯಲ್ಲಿ ಕೂತವರ ನಡುವೆ ಇಷ್ಟು ಅಂತರ. ಸಾಲದ್ದಕ್ಕೆ ಕಾಲೇಜಿಗೆ ರಜೆ ಬಂದರೆ ನಮಗೆ ಸಂಬಳವೂ ಇಲ್ಲ. ಹೊಟ್ಟೆಗೆ ಮಾತ್ರ ರಜೆ ಇರುವುದಿಲ್ಲ.

ಖಾಸಗಿ ಶಾಲೆಯ ಲೆಕ್ಕ ಇನ್ನೂ ಗುಟ್ಟಿನದು. ನಮ್ಮಲ್ಲೊಬ್ಬರು ದುಡಿಯುವ ಶಾಲೆಯಲ್ಲಿ ನೇಮಕಾತಿ ಪತ್ರವೇ ಕೊಟ್ಟಿಲ್ಲ. ಪಕ್ಕದ ಟೀಚರ್‌ಗೆ ಎಷ್ಟು ಬರುತ್ತದೆ ಎಂದು ಕೇಳುವುದೂ ಅಲ್ಲಿ ಅಪರಾಧ. ಕೊರೋನಾ ಕಾಲದಲ್ಲಿ ಮೊದಲು ಅರ್ಧ ಸಂಬಳ ಬಂತು, ಆಮೇಲೆ ಅದೂ ನಿಂತಿತು. ಮೊಬೈಲಿನಲ್ಲಿ ಪಾಠ ಮಾತ್ರ ನಿಲ್ಲಲಿಲ್ಲ. 2021ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಅನುದಾನರಹಿತ ಶಾಲೆಗಳ ಶಿಕ್ಷಕರಿಗೆ ತಲಾ 5,000 ರೂಪಾಯಿ ಪರಿಹಾರ ಘೋಷಿಸಿತು. ಆ ಹಣ ಬಂದಾಗ ಕಿರಾಣಿ ಅಂಗಡಿಯ ಶೆಟ್ಟರ ಸಾಲದ ಪುಸ್ತಕದಲ್ಲಿ ಒಂದು ಪುಟ ಮಾತ್ರ ತೀರಿತು. ಶೆಟ್ಟರು ಒಳ್ಳೆಯವರು. "ಇರಲಿ ಬಿಡಿ ಟೀಚರ್, ನಮ್ಮ ಹುಡುಗಿಗೆ ನೀವೇ ತಾನೆ ಅಕ್ಷರ ಕಲಿಸಿದ್ದು" ಎಂದರು. ಶಿಕ್ಷಕರಿಗೆ ನಿಜವಾದ ಗೌರವ ಸಿಗುವುದು ಇಂಥ ಕಡೆಯಲ್ಲೇ. ಆದರೆ ಬಾಡಿಗೆಯನ್ನು ಗೌರವದಿಂದ ಕಟ್ಟಲಾಗುವುದಿಲ್ಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ, ಸುತ್ತ ಟೆಕ್ ಪಾರ್ಕುಗಳು ಎದ್ದ ಮೇಲೆ, ಹೆಬ್ಬಾಳದಲ್ಲಿ ಬಾಡಿಗೆ ಎಂಬುದು ಇಳಿಯುವ ದಾರಿಯನ್ನೇ ಮರೆತಿದೆ.

ಹಳೆಯ ಜೈಲಿನ ಅಂಗಳದಲ್ಲಿ

2021ರ ಡಿಸೆಂಬರ್‌ನಲ್ಲಿ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು ತರಗತಿ ಬಹಿಷ್ಕರಿಸಿ ಮುಷ್ಕರಕ್ಕಿಳಿದರು. 14 ಸಾವಿರಕ್ಕೂ ಹೆಚ್ಚು ಮಂದಿಯ ಪ್ರಶ್ನೆ ಅದು. ಬಳ್ಳಾರಿ ರಸ್ತೆಯಲ್ಲಿ ಬರುವ ರಾತ್ರಿ ಬಸ್ಸುಗಳು ನಸುಕಿನಲ್ಲಿ ಹೆಬ್ಬಾಳದ ಮೇಲ್ಸೇತುವೆಯ ಬಳಿ ಜನರನ್ನು ಇಳಿಸುತ್ತವೆ. ಬಳ್ಳಾರಿ, ರಾಯಚೂರು ಕಡೆಯ ಗೆಳೆಯರು ಅಲ್ಲಿಳಿದು ನಮ್ಮ ಮನೆಗೆ ಬರುತ್ತಿದ್ದರು. ಇರುವ ಒಂದು ಬಚ್ಚಲಿಗೆ ಸರದಿ. ಉಪ್ಪಿಟ್ಟು, ಚಹಾ ಮುಗಿಸಿ ಎಲ್ಲರೂ ಮೆಜೆಸ್ಟಿಕ್ ಬಸ್ಸು ಹತ್ತಿ ಫ್ರೀಡಂ ಪಾರ್ಕಿಗೆ. ಎಂ.ಎ., ಎಂ.ಫಿಲ್., ಪಿಎಚ್‌ಡಿ ಮಾಡಿದವರು, ತಲೆ ನರೆತವರು. ಒಬ್ಬರ ಚೀಲದಲ್ಲಿ ಬಿ.ಎ. ಉತ್ತರಪತ್ರಿಕೆಯ ಕಟ್ಟು ಇತ್ತು. ಮುಷ್ಕರದಲ್ಲೂ ಯಾಕೆ ಹೊತ್ತು ತಂದಿರಿ ಎಂದರೆ, "ಹುಡುಗರು ಆಂತರಿಕ ಅಂಕಕ್ಕೆ ಕಾಯ್ತಿರ್ತಾರೆ" ಎಂದರು.

ಫ್ರೀಡಂ ಪಾರ್ಕ್ ಎಂದರೆ ಬೆಂಗಳೂರಿನ ಹಳೆಯ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ವಿರೋಧ ಪಕ್ಷದ ನಾಯಕರನ್ನು ಇಟ್ಟಿದ್ದ ಜಾಗ. 2008ರಲ್ಲಿ ಅದನ್ನು ಉದ್ಯಾನ ಮಾಡಿದರು, ಪ್ರತಿಭಟನೆಗೆ ಒಂದು ಮೂಲೆ ಬಿಟ್ಟರು. ಕೇಳುವವರು ಇಲ್ಲೇ ಕೂತು ಕೇಳಬೇಕು, ವಿಧಾನಸೌಧದ ಕಿವಿಗೆ ಬೀಳುವಷ್ಟು ಹತ್ತಿರ ಹೋಗಬಾರದು ಎಂಬುದು ನಗರದ ಈಗಿನ ಕ್ರಮ.

ಮುಷ್ಕರದ ಫಲವಾಗಿ 2022ರ ಜನವರಿ 14ರಂದು ಸರ್ಕಾರದ ಘೋಷಣೆ ಬಂತು. ಯುಜಿಸಿ ಅರ್ಹತೆ ಮತ್ತು ಐದು ವರ್ಷ ಮೀರಿದ ಸೇವೆ ಇದ್ದವರಿಗೆ 32,000, ಅರ್ಹತೆ ಇದ್ದು ಸೇವೆ ಕಡಿಮೆ ಇದ್ದವರಿಗೆ 30,000, ಅರ್ಹತೆ ಇಲ್ಲದವರಿಗೆ ಸೇವೆಗೆ ತಕ್ಕಂತೆ 28,000 ಮತ್ತು 26,000. ಎರಡು ಪಟ್ಟಿಗೂ ಹೆಚ್ಚು! ಮನೆಯಲ್ಲಿ ಅಂದು ಸಿಹಿ ಮಾಡಿದೆವು. ಅಬ್ಬಾ ಮಾತ್ರ ಪತ್ರಿಕೆಯನ್ನು ಎರಡು ಸಲ ಓದಿ, "ಕೆಲಸದ ಹೊತ್ತೂ ಏರಿದೆಯಲ್ಲ, ನೋಡಿದಿರಾ?" ಎಂದು ಕೇಳಿದರು.

ನಿಜ. ಅದುವರೆಗೆ ಒಬ್ಬರಿಗೆ ವಾರಕ್ಕೆ ಎಂಟು ಹತ್ತು ಗಂಟೆ ಪಾಠವಿತ್ತು. ಹೊಸ ಆದೇಶದಲ್ಲಿ ಅದು ಹದಿನೈದು. ಕೇಳಲು ನ್ಯಾಯವೇ ಅನಿಸುತ್ತದೆ, ಹೆಚ್ಚು ಹಣಕ್ಕೆ ಹೆಚ್ಚು ಕೆಲಸ. ಆದರೆ ಕಾಲೇಜಿನಲ್ಲಿ ಪಾಠದ ಗಂಟೆಗಳು ಏರಿರಲಿಲ್ಲ. ಒಂದು ವಿಷಯಕ್ಕೆ ವಾರಕ್ಕೆ ಮೂವತ್ತು ಗಂಟೆ ಇದ್ದರೆ ಮೊದಲು ಮೂವರಿಗೆ ಅನ್ನ, ಈಗ ಇಬ್ಬರಿಗೆ. ರಾಜ್ಯದಲ್ಲಿ ಹೀಗೆ ಸಾವಿರಾರು ಮಂದಿ ಪಟ್ಟಿಯಿಂದ ಹೊರಬಿದ್ದರು. ನಮ್ಮ ವಿಭಾಗದಲ್ಲಿ ಹೊರಬಿದ್ದದ್ದು ಒಂಬತ್ತು ವರ್ಷ ಪಾಠ ಹೇಳಿದ್ದ ಒಬ್ಬ ಹೆಣ್ಣುಮಗಳು. ಮುಷ್ಕರದ ದಿನಗಳಲ್ಲಿ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದವರು ಅವರೇ, ಡಬ್ಬಿಯಲ್ಲಿ ನಾಲ್ಕು ಜನಕ್ಕಾಗುವಷ್ಟು ಚಿತ್ರಾನ್ನ ತರುತ್ತಿದ್ದವರು ಅವರೇ. ಪಟ್ಟಿ ಬಂದ ದಿನ ಫೋನ್ ಮಾಡಿದಾಗ ಅವರು ಅಳಲಿಲ್ಲ. "ಸಾರ್, ನಾವು ಕೇಳಿದ್ದು ಇದನ್ನೇನಾ?" ಎಂದರು.

ಆ ಮಾತೇ ಈ ಬರಹಕ್ಕೆ ಕಾರಣ. ನಾವು ಕೇಳಿದ್ದು ಇದನ್ನಲ್ಲ. ಆದರೆ ನಾವು ಏನು ಕೇಳಿದೆವು, ಸರ್ಕಾರ ಏನು ಕೊಟ್ಟಿತು, ಬದಲಿಗೆ ಏನನ್ನು ಕಿತ್ತುಕೊಂಡಿತು ಎಂಬುದಕ್ಕೆ ಎರಡೂ ಕಡೆಯವರು ಸಹಿ ಹಾಕಿದ ಒಂದು ಹಾಳೆಯೂ ಇಲ್ಲ. ಅವರು ಘೋಷಿಸಿದರು, ನಾವು ಪತ್ರಿಕೆಯಲ್ಲಿ ಓದಿದೆವು. ತರಕಾರಿ ಮಾರುವ ಅಜ್ಜಿಗೂ ಸೊಪ್ಪಿನ ಕಟ್ಟಿನ ಬೆಲೆಯನ್ನು ಎದುರಿಗೆ ಕೂತು ಚೌಕಾಸಿ ಮಾಡುವ ಹಕ್ಕಿದೆ. ಪಾಠ ಮಾರುವವನಿಗೆ ಆ ಹಕ್ಕು ಇಲ್ಲ.

ಶಾಲೆ ಉದ್ಯಮ, ಶಿಕ್ಷಕ ಯಾರು?

ಇಲ್ಲ ಎಂದು ನಾವು ಸುಮ್ಮನೆ ಹೇಳುತ್ತಿಲ್ಲ. ಇದಕ್ಕೆ ಕಾನೂನಿನ ಒಂದು ಕಥೆಯಿದೆ, ಅದರ ಮೊದಲ ಅಧ್ಯಾಯ ನಮ್ಮ ಬೆಂಗಳೂರಿನದೇ. 1978ರಲ್ಲಿ ಬೆಂಗಳೂರು ನೀರು ಸರಬರಾಜು ಮಂಡಳಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 'ಉದ್ಯಮ' ಎಂಬ ಪದವನ್ನು ವಿಶಾಲವಾಗಿ ಅರ್ಥೈಸಿ, ಶಿಕ್ಷಣ ಸಂಸ್ಥೆಗಳೂ ಅದರೊಳಗೆ ಬರುತ್ತವೆ ಎಂದಿತು. ಹಾಗಾದರೆ ಅಲ್ಲಿ ದುಡಿಯುವ ಶಿಕ್ಷಕ ಕಾರ್ಮಿಕನೇ? 1988ರಲ್ಲಿ, ಗೋವಾದ ಸುಂದರಾಂಬಾಳ್ ಎಂಬ ಶಿಕ್ಷಕಿಯ ಮೊಕದ್ದಮೆಯಲ್ಲಿ, ಅದೇ ನ್ಯಾಯಾಲಯ ಅಲ್ಲ ಎಂದಿತು. ಪಾಠ ಹೇಳುವುದು ಉದಾತ್ತ ವೃತ್ತಿ, ಅದನ್ನು ಕೈಕೆಲಸ, ಗುಮಾಸ್ತಿಕೆ, ತಾಂತ್ರಿಕ ಕೆಲಸಗಳ ಸಾಲಿಗೆ ಸೇರಿಸಲಾಗದು ಎಂಬುದು ತರ್ಕ. ಅಂದರೆ ಶಾಲೆ ಉದ್ಯಮ. ಅಲ್ಲಿನ ಗುಮಾಸ್ತ ಕೈಗಾರಿಕಾ ವಿವಾದ ಕಾಯ್ದೆಯಡಿ ನ್ಯಾಯ ಕೇಳಬಹುದಿತ್ತು, ಶಿಕ್ಷಕ ಕೇಳುವಂತಿರಲಿಲ್ಲ. ಅವನ ವೃತ್ತಿ ಅಷ್ಟು ದೊಡ್ಡದು! ಹೊಗಳಿಕೆಯೇ ಬೀಗವಾಗುವುದು ಎಂದರೆ ಇದೇ. ಶಿಕ್ಷಕರ ವಿವಾದಗಳಿಗೆ ಬೇರೊಂದು ವ್ಯವಸ್ಥೆ ಅಗತ್ಯ ಎಂದೂ ಆ ತೀರ್ಪಿನಲ್ಲಿ ಇತ್ತು. ಹೊಗಳಿಕೆ ಎಲ್ಲರಿಗೂ ನೆನಪಿದೆ, ಈ ಮಾತು ಮರೆತುಹೋಗಿದೆ.

ನಮ್ಮ ರಾಜ್ಯದ ಶಿಕ್ಷಣ ಕಾಯ್ದೆಯಲ್ಲಿ, ಖಾಸಗಿ ಸಂಸ್ಥೆ ಒಬ್ಬ ಶಿಕ್ಷಕನನ್ನು ವಜಾ ಮಾಡಿದರೆ ಅವನು ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಒಳ್ಳೆಯದೇ. ಆದರೆ ಅದು ಕೆಲಸ ಕಳೆದುಕೊಂಡ ಒಬ್ಬನ ದಾರಿ. ಕೆಲಸದಲ್ಲಿರುವ ಇಪ್ಪತ್ತು ಜನ ಒಟ್ಟಾಗಿ ಸಂಬಳದ ಮಾತಾಡಲು ದಾರಿ ಎಲ್ಲಿದೆ?

ಸರ್ಕಾರಿ ನೌಕರರ ಬಾಗಿಲು 2003ರಲ್ಲಿ ಇನ್ನಷ್ಟು ಕಿರಿದಾಯಿತು. ತಮಿಳುನಾಡಿನಲ್ಲಿ ಮುಷ್ಕರ ಹೂಡಿದ ಲಕ್ಷಾಂತರ ನೌಕರರನ್ನು, ಶಿಕ್ಷಕರನ್ನು ಸರ್ಕಾರ ವಜಾ ಮಾಡಿದಾಗ, ಸರ್ಕಾರಿ ನೌಕರರಿಗೆ ಮುಷ್ಕರದ ಮೂಲಭೂತ ಹಕ್ಕೂ ಇಲ್ಲ, ಕಾನೂನಿನ ಹಕ್ಕೂ ಇಲ್ಲ, ನೈತಿಕ ಹಕ್ಕೂ ಇಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. 2006ರ ಏಪ್ರಿಲ್‌ನಲ್ಲಿ ಬಂದ ಉಮಾದೇವಿ ತೀರ್ಪು ಕರ್ನಾಟಕದ್ದೇ. ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರ ಪ್ರಕರಣದಿಂದ ಬಂದದ್ದು. ಸರಿಯಾದ ನೇಮಕಾತಿ ಪ್ರಕ್ರಿಯೆ ಇಲ್ಲದೆ ಬಂದವರು ಎಷ್ಟು ವರ್ಷ ದುಡಿದರೂ ಅದರಿಂದಲೇ ಕಾಯಂ ಆಗುವ ಹಕ್ಕು ಹುಟ್ಟದು ಎಂಬುದು ಅದರ ಸಾರ. ಅತಿಥಿ ಉಪನ್ಯಾಸಕರು ಖಾಯಮಾತಿ ಕೇಳಿದಾಗಲೆಲ್ಲ ಈ ತೀರ್ಪು ಅಡ್ಡ ಬರುತ್ತದೆ. ಹಿಂಬಾಗಿಲಿನಿಂದ ಯಾರೂ ಬರಬಾರದು ಎಂಬುದು ಸರಿಯಾದ ಮಾತೇ. ಆದರೆ ವರ್ಷಗಟ್ಟಲೆ ಮುಂಬಾಗಿಲನ್ನು ತೆರೆಯದೆ, ಹಿಂಬಾಗಿಲಿನಿಂದ ಜನರನ್ನು ಕರೆದು ಕೆಲಸ ಮಾಡಿಸಿಕೊಂಡವರು ಯಾರು?

ಅರ್ಧ ದಿನ ಮತ್ತು ಆರು ವಾರ

ಇಷ್ಟೆಲ್ಲ ಕಾನೂನು ಇದ್ದೂ ಕೆಲವರಿಗೆ ಸರ್ಕಾರ ಬೇಗ ಕಿವಿಗೊಡುತ್ತದೆ ಎಂಬುದನ್ನೂ ನಾವು ಕಂಡಿದ್ದೇವೆ. 2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರ ಸಂಘ ಅನಿರ್ದಿಷ್ಟ ಮುಷ್ಕರ ಕರೆದಿತ್ತು. ಅಂದು ಕಚೇರಿಗಳು ಖಾಲಿ, ಸರ್ಕಾರಿ ಶಾಲೆಗಳಲ್ಲೂ ಪಾಠವಿಲ್ಲ. ಶೇ. 17 ಮಧ್ಯಂತರ ಪರಿಹಾರದ ಆದೇಶ ಅದೇ ದಿನ ಹೊರಬಿತ್ತು, ಮುಷ್ಕರ ಅದೇ ದಿನ ಮುಗಿಯಿತು. ವಿಧಾನಸಭೆ ಚುನಾವಣೆ ಹತ್ತಿರವಿತ್ತು ಎಂಬುದನ್ನು ಮರೆಯಬಾರದು. ಮುಂದೆ ಏಳನೇ ರಾಜ್ಯ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾಗಿ ಕನಿಷ್ಠ ಮೂಲವೇತನ 17,000ದಿಂದ 27,000ಕ್ಕೆ ಏರಿತು. ಅಣ್ಣನಿಗೂ ಅದರ ಲಾಭ ಸಿಕ್ಕಿದೆ, ನಮಗೆ ಸಂತೋಷವೇ.

ಅದೇ 2023ರ ನವೆಂಬರ್‌ನಲ್ಲಿ ಅತಿಥಿ ಉಪನ್ಯಾಸಕರು ಖಾಯಮಾತಿಗಾಗಿ ಮತ್ತೆ ಬೀದಿಗಿಳಿದರು. ಡಿಸೆಂಬರ್ ಪೂರ್ತಿ ಕಳೆಯಿತು. 2024ರ ಜನವರಿ ಆರಂಭದಲ್ಲಿ ತುಮಕೂರಿನ ಸಿದ್ಧಗಂಗಾ ಮಠದಿಂದ ಫ್ರೀಡಂ ಪಾರ್ಕಿಗೆ ಪಾದಯಾತ್ರೆ ಬಂದರು. ನಮ್ಮ ಗೆಳೆಯರೊಬ್ಬರ ಕಾಲಿನ ಬೊಬ್ಬೆಗೆ ಅಬ್ಬಾ ತಾವೇ ಅರಿಶಿನ ಎಣ್ಣೆ ಹಚ್ಚಿದರು. ಆರು ವಾರಗಳ ನಂತರ ಸಿಕ್ಕಿದ್ದು ಸೇವೆಗೆ ತಕ್ಕಂತೆ 5,000ದಿಂದ 8,000 ರೂಪಾಯಿ ಹೆಚ್ಚಳ, 5 ಲಕ್ಷದ ಆರೋಗ್ಯ ವಿಮೆ, ಅರವತ್ತಕ್ಕೆ ಹೊರಡುವಾಗ 5 ಲಕ್ಷದ ಇಡುಗಂಟು. ಇದನ್ನು ಸಣ್ಣದೆಂದು ನಾವು ಹೇಳುವುದಿಲ್ಲ. ಆದರೆ ಒಬ್ಬರಿಗೆ ಅರ್ಧ ದಿನ, ಇನ್ನೊಬ್ಬರಿಗೆ ಆರು ವಾರ ಯಾಕೆ? ಸರ್ಕಾರದ ಬೀಗದ ಕೈ ಹಿಡಿದವರು ಕೆಲಸ ನಿಲ್ಲಿಸಿದರೆ ಸರ್ಕಾರ ನಿಲ್ಲುತ್ತದೆ. ನಾವು ನಿಲ್ಲಿಸಿದರೆ ಬಡವರ ಮಕ್ಕಳ ಪಾಠ ನಿಲ್ಲುತ್ತದೆ, ಅಷ್ಟೇ. ಆ ಸದ್ದು ದೂರ ಕೇಳುವುದಿಲ್ಲ.

ಈ ಕಡೆಯ ಸಂಕಟವನ್ನೂ ಹೇಳಲೇಬೇಕು. ಸರ್ಕಾರಿ ಕಾಲೇಜಿಗೆ ಬರುವವರು ಯಾರು? ಗಾರ್ಮೆಂಟ್ಸ್ ಹೆಂಗಸರ ಮಕ್ಕಳು, ಆಟೋ ಓಡಿಸುವವರ ಮಕ್ಕಳು, ಮನೆಯಲ್ಲಿ ಮೊದಲ ಬಾರಿಗೆ ಪದವಿಯ ಮೆಟ್ಟಿಲು ಹತ್ತಿದ ಹುಡುಗಿಯರು. ಹೆಚ್ಚಿನ ಪಾಠ ಅತಿಥಿಗಳ ಮೇಲೆಯೇ ನಿಂತಿರುವ ಕಾಲೇಜಿನಲ್ಲಿ ಅತಿಥಿಗಳು ಬಾರದಿದ್ದರೆ ಆ ಹುಡುಗಿ ಬಸ್ಸಿನ ಹಣ ಕೊಟ್ಟು ಬಂದು ಖಾಲಿ ಕೋಣೆ ನೋಡಿ ಹೋಗುತ್ತಾಳೆ. ನಮ್ಮ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿ, "ಸಾರ್, ಎರಡು ಯೂನಿಟ್ ಉಳಿದಿದೆ, ಪರೀಕ್ಷೆ ಹತ್ರ ಬಂತು" ಎಂದಳು. ಮುಷ್ಕರ ಮುಗಿದ ಮೇಲೆ ಭಾನುವಾರಗಳಲ್ಲಿ ಆ ಯೂನಿಟ್ ಮುಗಿಸಿದೆವು. 2016ರಲ್ಲಿ ಪಿಯು ಉಪನ್ಯಾಸಕರು ವೇತನ ತಾರತಮ್ಯ ಸರಿಪಡಿಸುವ ಕುಮಾರ್ ನಾಯಕ್ ವರದಿಯನ್ನು ಜಾರಿಗೊಳಿಸಿ ಎಂದು ಮೌಲ್ಯಮಾಪನ ಬಹಿಷ್ಕರಿಸಿದಾಗಲೂ ಹೀಗೇ ಆಯಿತು. ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಬಯಲಾಗಿ ಮೊದಲೇ ಬೆಂದಿದ್ದ ಮಕ್ಕಳು ಫಲಿತಾಂಶಕ್ಕಾಗಿ ಮೇ ಕೊನೆಯ ವಾರದವರೆಗೆ ಕಾದರು. ಆಗ ಪೋಷಕರು ಉಪನ್ಯಾಸಕರನ್ನು ಬೈದರು. ಬೈಗುಳದಲ್ಲಿ ತಪ್ಪಿಲ್ಲ. ಆದರೆ ವರದಿ ಬಂದ ಮೇಲೂ ಕೂತು ಮಾತಾಡಿ ತೀರ್ಮಾನಿಸದೆ, ಉತ್ತರಪತ್ರಿಕೆಗಳು ರಾಶಿ ಬೀಳುವವರೆಗೆ ಕಾದವರನ್ನು ಯಾರೂ ಬೈಯಲಿಲ್ಲ. ಮೇಜು ಇಲ್ಲದ ಕಡೆ ಬೀದಿಯೇ ಮೇಜಾಗುತ್ತದೆ. ಅದರ ಬಾಡಿಗೆ ಕಟ್ಟುವವರು ಮಕ್ಕಳು.

ಮೇಜು ಹಾಕುವುದು ಅಸಾಧ್ಯವೇ?

ಬೇರೆ ಕಡೆ ಏನಾಗಿದೆ? ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದಲ್ಲೂ ಶಿಕ್ಷಕರಿಗೆ ಮುಷ್ಕರದ ಹಕ್ಕಿರಲಿಲ್ಲ, ಸಂಘಟಿತ ಚೌಕಾಸಿಯ ಹಕ್ಕೂ ಇರಲಿಲ್ಲ. 2018ರ ಫೆಬ್ರವರಿ ಕೊನೆಯಲ್ಲಿ ಅವರು ಇಡೀ ರಾಜ್ಯದ ಶಾಲೆ ಮುಚ್ಚಿ ಒಂಬತ್ತು ಶಾಲಾ ದಿನ ನಿಂತರು. ಬಡ ಮಕ್ಕಳ ಮಧ್ಯಾಹ್ನದ ಊಟ ತಪ್ಪಬಾರದೆಂದು ಶಿಕ್ಷಕರೇ ಊಟದ ಪೊಟ್ಟಣ ಕಟ್ಟಿ ಹಂಚಿದರು. ಕೊನೆಗೆ ಶೇ. 5 ಹೆಚ್ಚಳ ಸಿಕ್ಕಿತು, ತಮಗೆ ಮಾತ್ರವಲ್ಲ, ರಾಜ್ಯದ ಎಲ್ಲ ಸರ್ಕಾರಿ ನೌಕರರಿಗೆ. ಆ ಹೋರಾಟದಲ್ಲಿ ಪೋಷಕರು ಶಿಕ್ಷಕರ ಜೊತೆ ಯಾಕೆ ನಿಂತರು ಎಂಬುದಕ್ಕೆ ಆ ಊಟದ ಪೊಟ್ಟಣವೇ ಉತ್ತರ.

ಅಷ್ಟು ದೂರ ಹೋಗಬೇಕಿಲ್ಲ. ನಮ್ಮ ಕೇಂದ್ರ ಸರ್ಕಾರಿ ನೌಕರರಿಗೆ 1966ರಿಂದ ಜಂಟಿ ಸಮಾಲೋಚನಾ ವ್ಯವಸ್ಥೆ ಇದೆ. ವೇತನ, ವಾರದ ಕೆಲಸದ ಗಂಟೆ, ರಜೆಗಳ ವಿಷಯದಲ್ಲಿ ಒಮ್ಮತ ಮೂಡದಿದ್ದರೆ ಕಡ್ಡಾಯ ಪಂಚಾಯಿತಿಗೆ ಒಯ್ಯುವ ಅವಕಾಶವೂ ಅದರಲ್ಲಿದೆ. ಅದೇ 1966ರ ಅಕ್ಟೋಬರ್ 5ರಂದು ಯುನೆಸ್ಕೋ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಸೇರಿ, ಶಿಕ್ಷಕರ ಸಂಬಳ ಮತ್ತು ಕೆಲಸದ ಸ್ಥಿತಿಗತಿಗಳನ್ನು ಅವರ ಸಂಘಟನೆಗಳ ಜೊತೆ ಮಾತುಕತೆಯಿಂದಲೇ ನಿರ್ಧರಿಸಬೇಕು ಎಂಬ ಶಿಫಾರಸು ಅಂಗೀಕರಿಸಿದವು. ಜಗತ್ತು ಶಿಕ್ಷಕರ ದಿನವನ್ನು ಅಕ್ಟೋಬರ್ 5ಕ್ಕೆ ಆಚರಿಸುವುದು ಆ ನೆನಪಿಗೆ. ನಮ್ಮದು ಸೆಪ್ಟೆಂಬರ್ 5. ನಾವು ಶಾಲು ಇಟ್ಟುಕೊಂಡೆವು, ಶಿಫಾರಸನ್ನು ಬಿಟ್ಟೆವು.

ಕಾನೂನಿನ ಬೀಗ ತೆರೆಯಲಾಗದ್ದೂ ಅಲ್ಲ. ಖಾಸಗಿ ಶಾಲೆಯ ಶಿಕ್ಷಕರು ಗ್ರಾಚ್ಯುಟಿ ಕಾಯ್ದೆಯ ಅರ್ಥದಲ್ಲಿ ನೌಕರರಲ್ಲ ಎಂದು 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ, ಸಂಸತ್ತು 2009ರಲ್ಲಿ ಕಾಯ್ದೆಯನ್ನೇ ತಿದ್ದಿ, 1997ರ ಏಪ್ರಿಲ್ 3ರಿಂದ ಅನ್ವಯವಾಗುವಂತೆ ಶಿಕ್ಷಕರನ್ನು ಒಳಗೆ ತಂದಿತು. ಶಾಲೆಗಳ ಆಡಳಿತದವರು ಅದನ್ನೂ ಪ್ರಶ್ನಿಸಿದರು. 2022ರ ಆಗಸ್ಟ್‌ನಲ್ಲಿ ನ್ಯಾಯಾಲಯ ತಿದ್ದುಪಡಿಯನ್ನು ಎತ್ತಿಹಿಡಿಯಿತು. 2025ರ ಆಗಸ್ಟ್‌ನಲ್ಲಿ ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಪ್ರಕರಣದಲ್ಲಿ, ಗುರುವನ್ನು ಹೊಗಳುವ ಶ್ಲೋಕ ಹೇಳಿದರೆ ಸಾಲದು, ಅದು ನಡತೆಯಲ್ಲಿ ಕಾಣಬೇಕು ಎಂಬರ್ಥದ ಮಾತನ್ನು ಸುಪ್ರೀಂ ಕೋರ್ಟ್ ಹೇಳಿ, ಅವರಿಗೆ ಕಾಯಂ ಹುದ್ದೆಯ ಕನಿಷ್ಠ ವೇತನ ಕೊಡಲು ಆದೇಶಿಸಿತು. ಮನಸ್ಸಿದ್ದರೆ ಮಾರ್ಗ ಎಂಬುದು ನ್ಯಾಯಾಲಯಕ್ಕೂ ಶಾಸನಸಭೆಗೂ ಅನ್ವಯಿಸುವ ಗಾದೆ.

ಹಾಗಾದರೆ ಏನು ಬೇಕು? ನಮ್ಮ ಬೇಡಿಕೆ ದೊಡ್ಡದೇನಲ್ಲ. ಶಿಕ್ಷಕರ ಸಂಘಗಳ, ಅತಿಥಿಗಳನ್ನೂ ಸೇರಿಸಿಕೊಂಡು, ಚುನಾಯಿತ ಪ್ರತಿನಿಧಿಗಳಿರುವ ಒಂದು ಖಾಯಂ ಮಾತುಕತೆ ಸಮಿತಿ ಬೇಕು. ಅದು ಮುಷ್ಕರವಾದಾಗಲ್ಲ, ಪ್ರತಿ ವರ್ಷ ಕಾಲೇಜು ಆರಂಭವಾಗುವ ಮೊದಲೇ ಸೇರಬೇಕು. ಸಂಬಳದ ಜೊತೆ ಕೆಲಸದ ಗಂಟೆಯೂ, ಯಾರ ಕೆಲಸ ಹೋಗುತ್ತದೆ ಎಂಬ ಪಟ್ಟಿಯೂ ಅದೇ ಮೇಜಿನ ಮೇಲೆ ಇರಬೇಕು. ಒಪ್ಪಂದ ಬರವಣಿಗೆಯಲ್ಲಿರಬೇಕು, ಎರಡೂ ಕಡೆ ಸಹಿ ಬೀಳಬೇಕು. ಹೀಗಾದರೆ ಮುಷ್ಕರ ಕಡಿಮೆಯಾಗುತ್ತದೆ, ಮಕ್ಕಳ ಪಾಠ ಉಳಿಯುತ್ತದೆ.

ಇದನ್ನು ಸರ್ಕಾರಕ್ಕೆ ಮಾತ್ರ ಹೇಳಿ ಮುಗಿಸಿದರೆ ಅರ್ಧ ಸತ್ಯವಾದೀತು. ಈ ಪುಟ ಓದುವವರಲ್ಲಿ ಶಾಲೆ ಕಾಲೇಜು ನಡೆಸುವ ಟ್ರಸ್ಟುಗಳ, ಆಡಳಿತ ಮಂಡಳಿಗಳ ಸದಸ್ಯರೂ ಇದ್ದೀರಿ. ಸಮುದಾಯದ ಸೇವೆ ಎಂದು ಬೆವರು ಹರಿಸಿ ಸಂಸ್ಥೆ ಕಟ್ಟಿದವರು ನೀವು. ನಿಮ್ಮ ಶಾಲೆಯ ಟೀಚರ್‌ಗೆ ನೇಮಕಾತಿ ಪತ್ರ ಇದೆಯೇ? ಅವರು ಸಹಿ ಹಾಕುವ ಮೊತ್ತವೂ ಕೈಗೆ ಬರುವ ಮೊತ್ತವೂ ಒಂದೆಯೇ? ಹಬ್ಬದ ತಿಂಗಳಲ್ಲಿ ಸಂಬಳ ಹಬ್ಬಕ್ಕೆ ಮೊದಲು ತಲುಪುತ್ತದೆಯೇ? ಗ್ರಾಚ್ಯುಟಿ ಎಂಬುದು ಅವರ ಹಕ್ಕು ಎಂದು ಅವರಿಗೆ ಯಾರಾದರೂ ಹೇಳಿದ್ದೀರಾ? ವರ್ಷಕ್ಕೊಮ್ಮೆ ನಿಮ್ಮ ಸಭೆಯಲ್ಲಿ ಅವರ ಪ್ರತಿನಿಧಿಗೆ ಒಂದು ಕುರ್ಚಿ ಹಾಕಲು ಯಾವ ಸರ್ಕಾರದ ಆದೇಶವೂ ಬೇಕಿಲ್ಲ. ಮುಂದಿನ ಸೆಪ್ಟೆಂಬರ್‌ನಲ್ಲಿ ಶಾಲಿಗೆ ಖರ್ಚು ಮಾಡುವ ಮೊದಲು ಆ ಕುರ್ಚಿಯನ್ನು ಹಾಕಿ ನೋಡಿ. ಅವರು ಅಲ್ಲಿ ಕೂತು ಏನು ಹೇಳುತ್ತಾರೆಂದು ಕೇಳಿ.